ಬೋರಲು ಲೋಟ

ಮಹಾನಂದಮ್ಮನಿಗೆ ಎಪ್ಪತ್ತಾರು. ಮೂವತ್ತು ವರ್ಷ ಗಂಡನ ಜೊತೆ ಪೇಟೆಯ ಪಾತ್ರೆ ಅಂಗಡಿಯಲ್ಲಿ ಕೂತು ಎಂಥೆಂಥ ಗಿರಾಕಿಗಳ ಬಾಯಿ ಮುಚ್ಚಿಸಿದ ಹೆಂಗಸು. ಗಂಡ ಹೋದ ಮೇಲೆ, ಮಕ್ಕಳಿಲ್ಲದಾಕೆ, ಮಲ್ಲೇಶ್ವರದ ಹದಿನೇಳನೇ ಕ್ರಾಸಿನಲ್ಲಿ ಎಂಟು ಮಂದಿ ಹಿರಿಯರು ಒಟ್ಟಿಗಿರುವ ಮನೆಯಲ್ಲಿ ಕೋಣೆ ಹಿಡಿದಳು. ಒಟ್ಟಿಗಿರುವುದಂತೆ! ಆ ಮಾತು ಕೇಳಿದರೇ ಆಕೆಗೆ ಮೈ ಉರಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿ ಪಕ್ಕದ ಕೋಣೆಯ ಸುಂದರಮ್ಮನ ಮೇಲೆ. ಬೆಳಿಗ್ಗೆ ಆರಕ್ಕೆ ಇವಳು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚುವುದಕ್ಕೂ ಆಕೆಯ ರೇಡಿಯೋ ಅರಚುವುದಕ್ಕೂ ಸರಿಹೋಗುತ್ತಿತ್ತು.

"ಶುರುವಾಯ್ತಾ ನಿಮ್ಮ ಗಲಾಟೆ? ಕಿವಿ ಕೇಳ್ಸಲ್ವಾ?" ಎಂದು ದಿನಾ ಗೋಡೆ ಗುದ್ದುವಳು.

"ನಿಮ್ಮ ಬಾಯಿ ಸಾಕು, ಇರೋ ಕಿವೀನೂ ಹೋಗಕ್ಕೆ!" ಎಂದು ಸುಂದರಮ್ಮನ ಉತ್ತರ.

ಆ ಮನೆಯಲ್ಲೊಂದು ಪದ್ಧತಿ. ರಾತ್ರಿ ಎಲ್ಲರ ಕಾಫಿ ಲೋಟ ಊಟದ ಮೇಜಿನ ಮೇಲೆ ಬೋರಲು. ಬೆಳಿಗ್ಗೆ ಎದ್ದವರು ತಮ್ಮದನ್ನು ನೆಟ್ಟಗಿಡಬೇಕು. ಏಳಕ್ಕೂ ಯಾರದಾದರೂ ಬೋರಲೇ ಇದ್ದರೆ ಅವರ ಬಾಗಿಲು ತಟ್ಟಿ ನೋಡಬೇಕು. ಒಳಗಿನ ಚಿಲಕ ಯಾರೂ ಹಾಕುವಂತಿಲ್ಲ.

"ನಾನು ಸತ್ತಿದೀನಾ ಅಂತ ದಿನಾ ನೋಡಕ್ಕೆ ಇವರ್ಯಾರು?" ಎಂದು ಹಲ್ಲು ಕಡಿದ ಮಹಾನಂದಮ್ಮ, ರಾತ್ರಿ ಊಟ ಮುಗಿಸಿ ಏಳುವಾಗಲೇ ತನ್ನ ಲೋಟ ನೆಟ್ಟಗಿಟ್ಟುಬಿಡುತ್ತಿದ್ದಳು.

ಒಂದು ಮುಂಜಾನೆ ಮಂಚದಿಂದ ಇಳಿಯುವಾಗ ಸೀರೆ ತೊಡರಿ ದಬಕ್ಕನೆ ಬಿದ್ದಳು. ಸೊಂಟ ಅಲ್ಲಾಡಿಸಲಾಗಲಿಲ್ಲ. ಕೂಗಿದರೆ ರೇಡಿಯೋ ಎದುರು ದನಿ ಏಳಲಿಲ್ಲ. ಏಳು ಹೊಡೆಯಿತು, ಯಾರೂ ಬರಲಿಲ್ಲ. ಬರುವುದು ಹೇಗೆ, ಲೋಟ ನೆಟ್ಟಗಿತ್ತಲ್ಲ! ಮುನಿಸಿಕೊಂಡು ಕಾಫಿಗೆ ಬಾರದಿರುವುದೂ ಇವಳಿಗೆ ಹೊಸದಲ್ಲ. ಇಲ್ಲೇ ಸಾಯುತ್ತೇನೆ ಎಂಬ ಭಯಕ್ಕೆ ಆ ಗಟ್ಟಿಗಿತ್ತಿ ಗಳಗಳನೆ ಅತ್ತಳು.

ಎಂಟು ಗಂಟೆಗೆ ಬಾಗಿಲು ತೆರೆಯಿತು. ಸುಂದರಮ್ಮ.

"ಅಯ್ಯೋ ಶಿವನೇ! ಇವತ್ತು ನೀವು ಬೈಲೇ ಇಲ್ಲ. ಎರಡು ಗಂಟೆ ಹಾಯಾಗಿದ್ದೆ. ಆಮೇಲೆ ಯಾಕೋ ತಡ್ಕೊಳಕ್ಕಾಗ್ಲಿಲ್ಲ ನೋಡಿ."

"ಎರಡು ಗಂಟೆ! ನಿಮ್ಮ ಹಾಯಿಗಿಷ್ಟು ಬೆಂಕಿ ಹಾಕ!" ಎಂದು ನರಳಿದ ಮಹಾನಂದಮ್ಮ, ಆಂಬುಲೆನ್ಸ್ ಬರುವವರೆಗೂ ಆಕೆಯ ಕೈ ಬಿಡಲಿಲ್ಲ.

ಆಸ್ಪತ್ರೆಯಿಂದ ಮರಳಿ ಮೂರು ತಿಂಗಳಾಯಿತು. ಜಗಳ ಹಾಗೇ ಇದೆ, ರೇಡಿಯೋ ಒಂದಿಷ್ಟೂ ತಗ್ಗಿಲ್ಲ. ಆದರೆ ಐದಕ್ಕೇ ಕೋಲೂರಿ ಏಳುವ ಮಹಾನಂದಮ್ಮ, ಪೂಜೆ ಮುಗಿದರೂ ಮೇಜಿನ ಕಡೆ ಸುಳಿಯುವುದಿಲ್ಲ. ಲೋಟ ಬೋರಲೇ ಇರುತ್ತದೆ. ಏಳಕ್ಕೆ ಸುಂದರಮ್ಮ ಬಾಗಿಲು ಬಡಿದರೆ, "ಬದುಕಿದೀನಿ ಕಣ್ರೀ, ಹೋಗಿ!" ಎಂದು ಒಳಗಿನಿಂದ ಅರಚುತ್ತಾಳೆ.

ಮೊನ್ನೆ ಬಾಗಿಲು ಬಡಿದದ್ದು ಏಳೂ ಐದಕ್ಕೆ. ಮಹಾನಂದಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ದಢಾರನೆ ತೆರೆದು, ಕೆಂಡವಾಗಿ ಕೇಳಿದಳು:

"ಐದು ನಿಮಿಷ ಲೇಟು! ಸತ್ತೇ ಹೋಗಿದ್ರೆ ಏನ್ರೀ ಮಾಡ್ತಿದ್ರಿ?"