‘ನಾನೇ ಕರೆದೆ’ ಎಂದು ಬರೆಸಿದ ಕಾಕಾ

ಹೋದ ವಾರ ಬಿದ್ದ ಅಕಾಲದ ಮಳೆಗೆ ನಮ್ಮ ಅಂಗಡಿಯ ಬಾಜೂ ಇರುವ ಕಾಳಿನ ವ್ಯಾಪಾರಿ ಚೀಲಗಳಿಗೆ ಹೊದಿಸುವ ತಾಡಪತ್ರಿ ಪೂರ್ತಿ ತೊಯ್ದು ಹೋಗಿತ್ತು. ಹಳೆಯ ಕಾಲದ ದಪ್ಪ ಕ್ಯಾನ್ವಾಸಿನದು. ಮರುದಿನ ಅದನ್ನು ರಸ್ತೆಯ ಬದಿಗೆ ಹರವಿದರು. ಬಿಸಿಲು ಏರಿದಂತೆ ಅದರಿಂದ ಒಂದು ವಾಸನೆ ಎದ್ದಿತು. ನೀರು, ನೂಲು, ಮಣ್ಣು, ಒಂಚೂರು ಮುಗ್ಗಲು ಎಲ್ಲ ಸೇರಿದ ವಾಸನೆ. ನಾನು ಯಾರದೋ ಪಹಣಿ ತಿದ್ದುಪಡಿಯ ಅರ್ಜಿ ಟೈಪ್ ಮಾಡುತ್ತಿದ್ದೆ. ಬೆರಳು ಅಲ್ಲಿಗೇ ನಿಂತವು. ಅದು ನಮ್ಮ ಬಾಜೂಮನೆಯ ಕಾಕಾರ ವಾಸನೆ...

ಕಾಕಾ ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್ ಆಗಿದ್ದರು. ಶಿರಹಟ್ಟಿಯಲ್ಲಿ ಅವರ ಬಾಡಿಗೆ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಎಲ್ಲಿಯಾದರೂ ಬೆಂಕಿ ಆರಿಸಿ ಬಂದ ದಿನ ಖಾಕಿ ಬಟ್ಟೆಯನ್ನು ಹಿತ್ತಲಲ್ಲಿ ತಾವೇ ಒಗೆಯುತ್ತಿದ್ದರು, ಹೆಂಡತಿ ಕಾಕುಗೆ ಮುಟ್ಟಗೊಡುತ್ತಿರಲಿಲ್ಲ. ಎಷ್ಟು ಒಗೆದರೂ ನೀರು ಹೊಡೆಯುವ ಪೈಪಿನ ಆ ತೊಯ್ದ ಕ್ಯಾನ್ವಾಸ್ ವಾಸನೆ ಅವರ ಮೈಯಿಂದ ಹೋಗುತ್ತಿರಲಿಲ್ಲ. ಮುಂಡರಗಿ ಕಡೆಯ ಹಿರೇವಡ್ಡಟ್ಟಿ ಅವರ ಊರು. ಮಾತು ಕಡಿಮೆ. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸಿನ ಪೈಪು ಮುಟ್ಟಿ ನೋಡುವುದು, ಆಮೇಲೆ ಬಂದು ಕೂರುವುದು. ನನ್ನ ಮದುವೆಯ ದಿನ ಎಲ್ಲರೂ ಅಕ್ಷತೆ ಹಾಕುವಾಗ ಅವರು ಅಡುಗೆ ಪೆಂಡಾಲಿನ ಹತ್ತಿರ ಎರಡು ಬಕೆಟ್ ಉಸುಕು ಇಟ್ಟುಕೊಂಡು ನಿಂತಿದ್ದರು. ಫೋಟೋದಲ್ಲಿ ಅವರು ಎಲ್ಲಿಯೂ ಇಲ್ಲ.

ಮದುವೆಯಾದ ಮೇಲೂ ನಾನು ಶಿರಹಟ್ಟಿಯ ಅದೇ ಮನೆಯಲ್ಲಿ ಉಳಿದೆ. ತಾಲೂಕು ಕಚೇರಿಯ ಎದುರು ಕಂಪ್ಯೂಟರ್ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಹಾಕಿದೆ. ಅರ್ಜಿ, ಅಫಿಡವಿಟ್ಟು, ತಕರಾರು, ಎಲ್ಲವೂ ನನ್ನ ಕೈಯಿಂದಲೇ ಹೋಗುತ್ತಿದ್ದವು. ಹಾಗಾಗಿಯೇ ಕಾಕಾರ ಕಾಗದಗಳೂ ನನ್ನ ಹತ್ತಿರ ಬಂದವು.

ಆ ಬೆಂಕಿ ಬಿದ್ದದ್ದು ಶಿಗ್ಲಿಯ ಹತ್ತಿರದ ಒಂದು ಹತ್ತಿ ಗೋದಾಮಿನಲ್ಲಿ, ಬೇಸಿಗೆಯ ಮಟಮಟ ಮಧ್ಯಾಹ್ನ. ಅವತ್ತು ಠಾಣೆಯಲ್ಲಿ ಜನ ಕಡಿಮೆ. ಇಬ್ಬರು ಲಕ್ಷ್ಮೇಶ್ವರದ ಕಡೆ ಬಣವೆಯ ಬೆಂಕಿಗೆ ಹೋಗಿದ್ದರು, ಒಬ್ಬರು ರಜೆಯಲ್ಲಿದ್ದರು. ಗಾಡಿಯಲ್ಲಿ ಹೋದವರು ಮೂವರೇ: ಡ್ರೈವರು, ಇನ್ನೊಬ್ಬ ಫೈರ್‌ಮನ್ ಮತ್ತು ಕಾಕಾ. ಡ್ರೈವರು ಪಂಪು ಬಿಟ್ಟು ಕದಲುವಂತಿರಲಿಲ್ಲ. ಇನ್ನೊಬ್ಬರು ಗಾಳಿಯ ಕಡೆ, ಮನೆಗಳಿಗೆ ಬೆಂಕಿ ಹರಡದಂತೆ ನಿಂತರು. ಅಷ್ಟರಲ್ಲಿ ಗೋದಾಮಿನ ವಾಚ್‌ಮನ್ ಎದೆ ಬಡಿದುಕೊಳ್ಳುತ್ತ ಓಡಿ ಬಂದ. ಹಿಂದಿನ ಖೋಲಿಯಲ್ಲಿ ಅವನ ಮುದಿ ತಾಯಿ ಮಲಗಿದ್ದಳು.

ನೀರಿನ ರಭಸಕ್ಕೆ ಪೈಪಿನ ಮೂತಿಯನ್ನು ಒಬ್ಬರೇ ಹಿಡಿದು ನಡೆಯಲು ಆಗುವುದಿಲ್ಲ. ಕಾಕಾ ತಿರುಗಿ ನೋಡಿದರು. ನೆರೆದ ಜನರಲ್ಲಿ ಒಂದು ಮುಖದ ಗುರುತು ಸಿಕ್ಕಿತು. ಶಿಗ್ಲಿಯಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯ ಭಾಯಿ. ಕೆಲವು ತಿಂಗಳ ಹಿಂದೆ ಪಂಚಾಯ್ತಿ ಹಾಲಿನಲ್ಲಿ ಊರಿನ ಸ್ವಯಂಸೇವಕರಿಗೆ ಬೆಂಕಿ ಆರಿಸುವ ತರಬೇತಿ ಕೊಟ್ಟಾಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದವನು.

“ಬಾರೋ ತಮ್ಮಾ, ಹಿಂದ ಹಿಡಿ!” ಎಂದು ಕಾಕಾ ಕೂಗಿದರು. ಅವನು ಬಂದ.

ಇಬ್ಬರೂ ನೀರು ಹೊಡೆದು ದಾರಿ ಮಾಡಿಕೊಂಡು ಒಳಗೆ ಹೋದರು. ವಾಚ್‌ಮನ್ ಅವರ ಬೆನ್ನಿಗೇ ನುಗ್ಗಿ ತಾಯಿಯನ್ನು ಹೊತ್ತುಕೊಂಡು ಹೊರಗೆ ಓಡಿದ. ಇವರು ಹಿಂದೆ ಸರಿಯುವಾಗ ಮೇಲಿನ ಕಬ್ಬಿಣದ ಆ್ಯಂಗಲ್ಲು, ತಗಡು ಒಮ್ಮೆಲೇ ಕುಸಿದವು. ಕಾಕಾರ ಎಡ ಮೊಣಕಾಲು ಚೂರಾಯಿತು. ಕಾದ ತಗಡಿನ ಕೆಳಗೆ ಸಿಕ್ಕಿದ್ದು ಭಾಯಿಯ ಬಲಗೈ.

ಮುದುಕಿ ಬದುಕಿದಳು. ಇವರಿಬ್ಬರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಅಕ್ಕಪಕ್ಕದ ವಾರ್ಡಿನಲ್ಲಿದ್ದರು. ಭಾಯಿಯ ಬೆರಳುಗಳು ಒಂದಕ್ಕೊಂದು ಅಂಟಿ ಬೆಸೆದುಕೊಂಡಿದ್ದವು. ಮುಂದೆ ಅವನು ವೆಲ್ಡಿಂಗ್ ರಾಡು ಹಿಡಿಯುವುದು ಸಾಧ್ಯವಿರಲಿಲ್ಲ.

ಕಾಕಾ ಕೋಲು ಊರಿಕೊಂಡು ಮನೆಗೆ ಬಂದ ಮೇಲೆ ಠಾಣೆಯಿಂದ ಪರಿಹಾರದ ಕಾಗದ ಬಂತು. ಕರ್ತವ್ಯದಲ್ಲಿದ್ದಾಗ ಗಾಯಗೊಂಡ ನೌಕರನ ಅರ್ಜಿ, ಅದರ ಜೊತೆ ಘಟನೆಯ ವರದಿ. ಸಹಿ ಮಾಡಿದರೆ ಮುಂದೆ ಹೋಗುತ್ತಿತ್ತು. ಕಾಕಾ ಅದನ್ನು ಸಹಿ ಮಾಡದೆ ಮಡಿಚಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ಓದು ಯವ್ವಾ,” ಎಂದರು.

“ಸ್ಥಳೀಯ ಸಾರ್ವಜನಿಕರ ನೆರವಿನಿಂದ ಬೆಂಕಿಯನ್ನು ನಂದಿಸಲಾಯಿತು,” ಎಂದು ಓದಿದೆ.

“ಸಾರ್ವಜನಿಕರು ಅಂದ್ರ ಯಾರು?”

ನಾನು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದೆ.

“ಆ ಹುಡುಗಂದು ಹೆಸರಿಲ್ಲ ಇದರಾಗ. ನಾನೊಬ್ಬನ ಒಳಗ ಹೋದಂಗ ಬರದಾರ. ನಾ ಸಹಿ ಮಾಡಿದ್ರ ಅದ ಖರೆ ಆಗ್ತತಿ. ನಾಳೆ ಅವ ಅರ್ಜಿ ಹಾಕಿದ್ರ, ನೀ ಅಲ್ಲಿ ಇದ್ದೇ ಇಲ್ಲ ಅಂತಾರ.”

ವರದಿ ಬರೆದ ಅಧಿಕಾರಿ ಕೆಟ್ಟವರೇನಲ್ಲ. ಕಾಕಾರನ್ನು ಕಾಪಾಡಲೆಂದೇ ಹಾಗೆ ಬರೆದಿದ್ದರು. ಸ್ವಯಂಸೇವಕರನ್ನು ಉರಿಯುವ ಕಟ್ಟಡದ ಒಳಗೆ ಕರೆದೊಯ್ಯುವಂತಿಲ್ಲ. ಹೆಸರು ಬರೆದರೆ ಕರೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಕಾಕಾರ ಪರಿಹಾರಕ್ಕೂ ಅಡ್ಡಿಯಾಗುತ್ತಿತ್ತು. ಇದೆಲ್ಲ ಕಾಕಾರಿಗೂ ಗೊತ್ತಿತ್ತು. ಅದಕ್ಕಾಗಿಯೇ ಬೇರೆ ಹೇಳಿಕೆ ಬರೆಸಲು ನನ್ನ ಹತ್ತಿರ ಬಂದಿದ್ದರು.

ನಾನು ನನ್ನ ಬುದ್ಧಿ ಓಡಿಸಿದೆ. “ಕಾಕಾ, ಅವ ತಾನಾಗೇ ಓಡಿ ಬಂದು ಪೈಪ ಹಿಡದ ಅಂತ ಬರೀಲೇನು? ಅವನ ಹೆಸರೂ ಬರ್ತತಿ, ನಿಮಗೂ ತ್ರಾಸ ಆಗೂದಿಲ್ಲ.”

ಕಾಕಾ ನನ್ನನ್ನು ದಿಟ್ಟಿಸಿ ನೋಡಿದರು. ಅವರು ಸಿಟ್ಟಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ತಾನಾಗೇ ಬಂದ ಅಂದ್ರ ತಪ್ಪು ಅವಂದಾಗ್ತತಿ. ನಾ ಕರದೇನಿ ಅಂದ್ರ ಅವ ಡ್ಯೂಟಿ ಮ್ಯಾಲೆ ಇದ್ದಂಗ. ಬರಿ. ‘ನಾನೇ ಕರೆದೆ’ ಅಂತ ಬರಿ.”

ಬರೆದೆ. ಪ್ರಿಂಟು ತೆಗೆದು ಕೊಟ್ಟಾಗ ಅಲ್ಲೇ ಕೂತು ಎರಡು ಸಲ ಓದಿ ಸಹಿ ಮಾಡಿದರು.

ಕಾಕಾರ ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವಾಯಿತು. ಒಂದೇ ಗೋಡೆಯಲ್ಲವೇ, ನಮಗೆಲ್ಲ ಕೇಳಿಸುತ್ತಿತ್ತು. ಕಾಕುದು ತಪ್ಪೆನ್ನಲು ನನಗೆ ಇವತ್ತಿಗೂ ಮನಸ್ಸಿಲ್ಲ. ಗಂಡನ ಕಾಲು ಹೋಗಿತ್ತು, ಮಗಳು ಇನ್ನೂ ಕಾಲೇಜಿನಲ್ಲಿದ್ದಳು. ಒಂದು ದಿನ ಅವರು ನನ್ನ ಅಂಗಡಿಗೇ ಬಂದು, “ನೀ ಯಾಕ ಬರದು ಕೊಟ್ಟಿ? ಕರೆಂಟ್ ಇಲ್ಲ ಅನ್ನಾಕ ಆಗಲಿಲ್ಲೇನು ನಿನಗ?” ಎಂದು ಅತ್ತರು. ನೀರು ಕೊಟ್ಟೆ. ಕುಡಿಯದೆ ಎದ್ದು ಹೋದರು.

ಹೇಳಿಕೆ ಹೋಯಿತು. ಕೆಲವು ವಾರಗಳ ಮೇಲೆ ಉತ್ತರ ಬಂತು. ಭಾಯಿ ತರಬೇತಿ ಪಡೆದ ಸ್ವಯಂಸೇವಕ ಎನ್ನುವುದಕ್ಕೆ ದಾಖಲೆ ಏನಿದೆ? ಅವನಿಗೆ ಕೊಟ್ಟಿದ್ದ ಗುರುತಿನ ಚೀಟಿ ಅವತ್ತು ಅಂಗಿಯ ಜೇಬಿನಲ್ಲೇ ಸುಟ್ಟಿತ್ತು. ಠಾಣೆಯಲ್ಲಿ ತರಬೇತಿಯ ಪಟ್ಟಿ ಹುಡುಕಿದರೆ ಸಿಗಲಿಲ್ಲ.

ಕಾಕಾ ಬಿಡಲಿಲ್ಲ. ಕೋಲು ಹಿಡಿದು ಬಸ್ಸು ಹತ್ತಿ ಶಿಗ್ಲಿಗೆ ಹೋದರು. ತರಬೇತಿ ನಡೆದದ್ದು ಪಂಚಾಯ್ತಿ ಹಾಲಿನಲ್ಲಿ, ಹಾಗಾದರೆ ಪಂಚಾಯ್ತಿಯಲ್ಲಿ ಏನಾದರೂ ಇರಲೇಬೇಕು ಎಂಬುದು ಅವರ ಲೆಕ್ಕ. ಮೊದಲ ದಿನ ಕಪಾಟಿನ ಕೀಲಿ ಸಿಗಲಿಲ್ಲ. ಎರಡನೆಯ ಸಲ ಕಾರ್ಯದರ್ಶಿ ಮೀಟಿಂಗಿಗೆ ಹೋಗಿದ್ದರು. ಮೂರನೆಯ ಸಲ ನಾನೂ ಜೊತೆಗೆ ಹೋದೆ. ಕಾಲು ಚಾಚಿಕೊಂಡು ನೆಲದ ಮೇಲೆ ಕೂತು, ಧೂಳಿನ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಹಾಜರಿ ಹಾಳೆ ಸಿಕ್ಕಿತು. ಬಂದವರಿಗೆ ಚಹಾ, ಉಪ್ಪಿಟ್ಟು ಕೊಡಲು ಪಂಚಾಯ್ತಿಯವರು ಬರೆದಿಟ್ಟುಕೊಂಡಿದ್ದ ಪಟ್ಟಿ. ಅದರಲ್ಲಿ ಭಾಯಿಯ ಸಹಿ ಇತ್ತು. ಉದ್ದಕ್ಕೆ ಎಳೆದು ಕೆಳಗೆ ಎರಡು ಗೆರೆ ಹಾಕಿದ ಹೆಮ್ಮೆಯ ಸಹಿ. ಆಗ ಅವನ ಬೆರಳು ಐದೂ ಬೇರೆ ಬೇರೆ ಇದ್ದವು...

ಕಾಕಾ ಆ ಸಹಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಆಮೇಲೆ, “ಝೆರಾಕ್ಸ್ ಬ್ಯಾಡ, ಶಿಕ್ಕಾ ಹೊಡದ ದೃಢೀಕರಣ ಪ್ರತಿ ಇಸ್ಕೊ,” ಎಂದರು.

ವಿಚಾರಣೆ ಗದಗಿನಲ್ಲಿ ಆಯಿತು. ಕಾಗದಗಳ ಚೀಲ ಹೊತ್ತುಕೊಂಡು ನಾನು ಹೋಗಿದ್ದೆ. ಭಾಯಿಯೂ ಬಂದು ಮೂಲೆಯ ಬೆಂಚಿನ ಮೇಲೆ ಕೈಗೆ ಕರ್ಚೀಫು ಹೊದಿಸಿಕೊಂಡು ಕೂತಿದ್ದ. ವಿಚಾರಣೆಗೆ ಕೂತ ಅಧಿಕಾರಿ ವಯಸ್ಸಾದವರು, ಸಮಾಧಾನದಿಂದ ಕೇಳಿದರು.

“ಹೊರಗಿನವರನ್ನ ಒಳಗ ಕರಕೊಂಡು ಹೋಗೂದು ನಿಯಮದಾಗ ಐತೇನ್ರಿ?”

“ಇಲ್ರಿ ಸಾಹೇಬ್ರ.”

“ಮತ್ತ ಯಾಕ ಕರದ್ರಿ?”

“ಪೈಪ ಹಿಡ್ಯಾಕ ಇಬ್ರು ಬೇಕಾಗಿತ್ತರಿ. ನಾ ಒಬ್ಬನ ಇದ್ದೆ. ಒಳಗ ಮುದುಕಿ ಇದ್ಲು.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಈ ಹೇಳಿಕಿ ತಗೊಂಡ್ರ ನಿಮ್ಮ ಮ್ಯಾಲೆ ನೋಟಿಸ್ ಬರ್ತತಿ. ಗೊತ್ತೈತಲ್ಲ?”

“ಬರಲ್ರಿ. ಅವನ ಹೆಸರೂ ಬರಲಿ.”

ಹೊರಗೆ ಬಂದಾಗ ಭಾಯಿ ಅಳುತ್ತಿದ್ದ. “ಅಣ್ಣಾ, ನನಗಾಗಿ ಯಾಕ ಇಷ್ಟ...” ಎಂದು ಶುರು ಮಾಡಿದ. ಕಾಕಾ ಅವನ ಮಾತು ಮುಗಿಯಗೊಡಲಿಲ್ಲ. “ಹಸಿವ್ಯಾಗೇತಿ, ನಡೀರಿ,” ಎಂದರು. ಬಸ್‌ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಕೂತೆವು. ಭಾಯಿಗೆ ಎಡಗೈಯಿಂದ ರೊಟ್ಟಿ ಮುರಿಯುವುದು ಇನ್ನೂ ರೂಢಿಯಾಗಿರಲಿಲ್ಲ. ಕಾಕಾ ತಮ್ಮ ತಾಟಿನಲ್ಲೇ ಮುರಿದು ತುಂಡುಗಳನ್ನು ಅವನ ಕಡೆ ಸರಿಸುತ್ತ ಹೋದರು. ಅಲ್ಲಿಯವರೆಗೆ ನಾನು ಕಾಕಾರದು ಬರೀ ಹಟ ಎಂದುಕೊಂಡಿದ್ದೆ.

ಎರಡು ಬೇಸಿಗೆ ಕಳೆದ ಮೇಲೆ ಭಾಯಿಗೆ ಪರಿಹಾರದ ಆದೇಶ ಬಂತು. ಆದೇಶದಲ್ಲಿ ಅವನ ಹೆಸರು, ಅವನ ತಂದೆಯ ಹೆಸರು, ‘ತರಬೇತಿ ಪಡೆದ ಸ್ವಯಂಸೇವಕ’ ಎಂಬ ಮಾತು, ಎಲ್ಲ ಸರಿಯಾಗಿ ಇದ್ದವು. ಈಗ ಅವನು ಎಡಗೈಯಿಂದ ಗೇಟಿನ ನಕ್ಷೆ ಬಿಡಿಸಿ ಅಳತೆ ಹಾಕಿಕೊಡುತ್ತಾನೆ, ಅವನ ತಮ್ಮ ವೆಲ್ಡಿಂಗ್ ಮಾಡುತ್ತಾನೆ. ಅಂಗಡಿ ಮುಚ್ಚಲಿಲ್ಲ.

ಅಧಿಕಾರಿ ಹೇಳಿದಂತೆಯೇ ಕಾಕಾರಿಗೆ ನೋಟಿಸು ಬಂತು. ಒಂದು ವರ್ಷದ ವೇತನ ಬಡ್ತಿ ನಿಂತಿತು. ಗಾಡಿ ಹತ್ತುವ ಕೆಲಸ ತಪ್ಪಿ, ಠಾಣೆಯಲ್ಲಿ ಫೋನು ತೆಗೆದುಕೊಳ್ಳುವ ಕುರ್ಚಿಗೆ ಹಾಕಿದರು. ಗಾಡಿ ಗಂಟೆ ಬಾರಿಸುತ್ತ ಹೊರಟಾಗ ಆ ಕುರ್ಚಿಯಲ್ಲಿ ಕೂತಿರುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತೆಂದು ಕಾಣುತ್ತದೆ. ಇನ್ನು ಅವರ ಸ್ವಂತ ಮೊಣಕಾಲಿನ ಅರ್ಜಿ... ನಿಯಮ ಮೀರಿ ಆದ ಗಾಯವೋ, ಕರ್ತವ್ಯದಲ್ಲಿ ಆದ ಗಾಯವೋ ಎಂಬ ಪ್ರಶ್ನೆಗೆ ಸಿಕ್ಕಿ, ಒಂದು ಟೇಬಲಿನಿಂದ ಇನ್ನೊಂದಕ್ಕೆ ತಿರುಗುತ್ತಲೇ ಉಳಿಯಿತು. ಪ್ರತಿ ಪತ್ರಕ್ಕೂ ಕಾಕಾ ಉತ್ತರ ಬರೆಸಿದರು. ನಿವೃತ್ತಿಯಾಗಿ ಹಿರೇವಡ್ಡಟ್ಟಿಗೆ ಹೋದ ಮೇಲೂ ಬಸ್ಸು ಬದಲಿಸಿಕೊಂಡು ಶಿರಹಟ್ಟಿಗೆ ಬಂದು ನನ್ನ ಹತ್ತಿರವೇ ಬರೆಸುತ್ತಿದ್ದರು. “ಬ್ಯಾರೆಯವರು ಒಂದಕ್ಷರ ಹೆಚ್ಚು ಕಡಿಮಿ ಮಾಡ್ತಾರ,” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ, ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತ ಕಾಕಾ ಹಾಗೆಯೇ ತೀರಿಹೋದರಂತೆ. ಖಬರು ನನಗೆ ತಡವಾಗಿ ಮುಟ್ಟಿತು. ಮಣ್ಣು ಮಾಡುವ ಹೊತ್ತಿಗೆ ಹೋಗಲು ಆಗಲಿಲ್ಲ. ಭಾಯಿ ಹೋಗಿದ್ದ, ಮೂರು ದಿನ ಅಲ್ಲೇ ಇದ್ದ ಎಂದು ಆಮೇಲೆ ತಿಳಿಯಿತು.

ತಾಡಪತ್ರಿ ಹರವಿದ ಎರಡು ದಿನಕ್ಕೆ ಕಾಕು ಬಂದರು. ನನ್ನ ಅಂಗಡಿಗೆ ಬಂದು ಅತ್ತು ಹೋದ ಮೇಲೆ ಅವರು ಆ ಮೆಟ್ಟಿಲು ಹತ್ತಿದ್ದು ಅವತ್ತೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಡನ ಅರ್ಜಿಯನ್ನು ತಾವು ಮುಂದುವರಿಸುವುದಾಗಿ, ವಾರಸುದಾರಳೆಂದು ಬರೆಯಬೇಕೆಂದರು. ಬೇಕಾದ ಪ್ರಮಾಣಪತ್ರಗಳನ್ನೆಲ್ಲ ತಾವೇ ಓಡಾಡಿ ಜೋಡಿಸಿಕೊಂಡು ಬಂದಿದ್ದರು.

“ಕಾಕು, ಇದು ಇನ್ನೂ ಭಾಳ ದಿನ ಹಿಡೀಬಹುದು,” ಎಂದೆ.

“ಹಿಡೀಲಿ. ನನಗೇನು ಬ್ಯಾರೆ ಕೆಲಸೈತಿ? ಕರ್ತವ್ಯದಾಗ ಆದ ಗಾಯ ಅಂತ ಅವರ ಕೈಲೆ ಬರಸ್ಕೊಂಡ ಬರ್ತೇನಿ.”

ಇಷ್ಟು ವರ್ಷ ‘ಅರ್ಜಿದಾರರು’ ಎಂಬ ಕಡೆ ಟೈಪ್ ಮಾಡುತ್ತಿದ್ದ ಹೆಸರನ್ನು ಅವತ್ತು ‘ಮೃತರ ವಿವರ’ ಎಂಬುದರ ಕೆಳಗೆ ಹಾಕಬೇಕಿತ್ತು. ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲ ಹೆಸರು. ಮೊದಲ ಎರಡು ಅಕ್ಷರ ಮೂಡಿದವು, ಆಮೇಲೆ ಪರದೆ ಮಂಜಾಯಿತು. ಇನ್ನು ಆ ಮನುಷ್ಯ ಕೋಲು ಊರಿಕೊಂಡು ಈ ಬಾಗಿಲಿಗೆ ಬರುವುದಿಲ್ಲ ಎನ್ನುವುದು ನನಗೆ ಆಗ ಖರೆಯಾಗಿ ಗೊತ್ತಾಯಿತು.

ಕಾಕು ತಮ್ಮ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು.

“ಅಳೂದಿದ್ರ ಅತ್ತು ಮುಗಸು. ಆಮ್ಯಾಲೆ ಛಂದಂಗ ಬರಿ. ತಪ್ಪಾದ್ರ ತಿರುಗಿ ಕಳಸ್ತಾರ.”