ತಿರುವಿನ ಫಲಕವನ್ನು ಹಿಂದಕ್ಕೆ ಸರಿಸಿದವರು

ಹೆದ್ದಾರಿಗೆ ಕ್ಯಾಮೆರಾ, ವೇಗಮಿತಿ ತೋರಿಸುವ ಎಲೆಕ್ಟ್ರಾನಿಕ್ ಫಲಕ, ನಿಯಂತ್ರಣ ಕೊಠಡಿ ಇವನ್ನೆಲ್ಲ ಒದಗಿಸಿ ರಿಬ್ಬನ್ ಕತ್ತರಿಸಿದ ಎಂಜಿನಿಯರುಗಳು ನಮ್ಮ ಇಲಾಖೆಯಲ್ಲಿ ಹಲವರಿದ್ದಾರೆ. ರಿಬ್ಬನ್ ಕತ್ತರಿಸಿದ ಮೇಲೂ ಅಲ್ಲಿಯೇ ನಿಂತು, ಇದರಿಂದ ನಿಜಕ್ಕೂ ಅಪಘಾತ ಕಡಿಮೆಯಾಯಿತೇ ಎಂದು ಕೇಳುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು ಮಾತ್ರ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸುರಕ್ಷತಾ ವಿಭಾಗದ ಮುಖ್ಯಸ್ಥೆಯೊಬ್ಬರೇ.

ಯಾರು ಏನೇ ಸಾಧನೆ ಹೇಳಿಕೊಂಡರೂ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, ಮೆಲ್ಲಗೆ "ಆದ್ರೆ..." ಎನ್ನುವುದು ಅವರ ರೂಢಿ. ಬೆನ್ನ ಹಿಂದೆ ನಮಗೆಲ್ಲ ಅವರು 'ಆದ್ರೆ ಮೇಡಂ'. ಮನೆಯಲ್ಲೂ ತಮ್ಮದು ಅದೇ ಪಾಡೆಂದು ಗಣಿತದ ಮೇಷ್ಟರಾದ ಅವರ ಯಜಮಾನರು ನಮ್ಮೆದುರೇ ದೂರಿ ನಕ್ಕದ್ದುಂಟು.

ನಾನು ಅವರ ಕೈಕೆಳಗೆ ಸೇರಿದ್ದು ಬಾಣಂತನದ ರಜೆ ಮುಗಿದ ಹೊಸತರಲ್ಲಿ. ಅತ್ತೆ ಮಧ್ಯಾಹ್ನ ಕೂಸನ್ನು ಕಚೇರಿಗೆ ಕರೆತಂದಾಗ ಹಾಲುಣಿಸಲು ಇಡೀ ಕಟ್ಟಡದಲ್ಲಿ ಚಿಲಕವಿದ್ದ ಒಂದು ಕೋಣೆಯೂ ಸಿಗಲಿಲ್ಲ. ಮೇಡಂ ಏನೂ ಕೇಳದೆ ತಮ್ಮ ಕೋಣೆ ಬಿಟ್ಟುಕೊಟ್ಟು, ಬಾಗಿಲಿಗೆ ಕಾವಲಾಗಿ ಹೊರಗಿನ ಬೆಂಚಿನ ಮೇಲೆ ಕಡತಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಗು ಹಾಲು ಬಿಡುವವರೆಗೂ ದಿನಾ ಹಾಗೆಯೇ ನಡೆಯಿತು. ಆ ಋಣವನ್ನು ನಾನು ಎಂದೂ ಮರೆಯಲಾರೆ.

ಅವರ ಗಟ್ಟಿತನ ಕಂಡದ್ದು ಫಲಕಗಳ ವಿಷಯದಲ್ಲಿ. ಅಪಘಾತ ವಿಪರೀತವಾಗಿದ್ದ ಭಾಗಗಳನ್ನೇ ಆರಿಸಿ ಫಲಕ ಹಾಕಿದ್ದೆವು. ಯೋಜನೆ ಮೇಡಂ ಅವರದೇ. ವರ್ಷದೊಳಗೆ ಅಪಘಾತ ಅರ್ಧಕ್ಕಿಳಿಯಿತು. ಇಡೀ ಹೆದ್ದಾರಿಗೆ ಅವನ್ನೇ ಹಾಕಿಸಲು ಮುಖ್ಯ ಎಂಜಿನಿಯರರು ತುದಿಗಾಲಲ್ಲಿ ನಿಂತಿದ್ದರು, ಮೇಡಂ ಸಹಿಯೊಂದು ಬಾಕಿಯಿತ್ತು. ಅವರು ಸಹಿ ಹಾಕುವ ಬದಲು, ಫಲಕವಿಲ್ಲದ ಅಂಥವೇ ಭಾಗಗಳ ಲೆಕ್ಕ ತರಿಸಿದರು. ಅಲ್ಲೂ ಅಪಘಾತ ಇಳಿದಿತ್ತು! ಒಂದು ವರ್ಷ ಮಿತಿಮೀರಿದ್ದು ಮರುವರ್ಷ ತಾನಾಗಿಯೇ ತಗ್ಗುವುದುಂಟು. ತಾನಾಗಿ ಇಳಿಯುತ್ತಿದ್ದ ಜ್ವರದ ಕೀರ್ತಿಯನ್ನು ನಾವು ನಮ್ಮ ಮಾತ್ರೆಗೆ ಕಟ್ಟಿದ್ದೆವು. ಅಷ್ಟೇ ಆಗಿದ್ದರೆ ಕೀರ್ತಿ ಹೋಯಿತೆಂದು ಸುಮ್ಮನಿರಬಹುದಿತ್ತು. ತಿರುವು ದಾಟಿದೊಡನೆ ಕಾಣುತ್ತಿದ್ದ ಒಂದು ಫಲಕದ ಬಳಿ ಮಾತ್ರ, ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಹೆಚ್ಚಿದ್ದವು. ಫಲಕ ಕಂಡು ಮುಂದಿನವರು ಬ್ರೇಕ್ ಹಾಕುತ್ತಿದ್ದರು, ತಿರುವಿನಲ್ಲಿದ್ದ ಹಿಂದಿನವರಿಗೆ ಅದು ಕಾಣುತ್ತಿರಲಿಲ್ಲ.

ಸಭೆಯಲ್ಲಿ ಮುಖ್ಯ ಎಂಜಿನಿಯರರು ಕೇಳಿಯೇಬಿಟ್ಟರು. "ನಿಮ್ಮ ಯೋಜನೆಗೆ ನೀವೇ ಕಲ್ಲು ಹಾಕ್ತೀರಾ ಮೇಡಂ?"

"ನನ್ನ ಯೋಜನೆ ಅಂತಾನೇ ಹೇಳ್ತಿದೀನಿ ಸರ್. ಆ ಫಲಕ ಅಲ್ಲಿ ಹಾಕಿಸಿದ್ದು ನಾನೇ. ಅದನ್ನ ತಿರುವಿಗಿಂತ ಹಿಂದಕ್ಕೆ ತರೋವರೆಗೂ ಸಹಿ ಹಾಕಲ್ಲ."

ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಕೈತಪ್ಪಿತು. ಮಾತಾಡಿಸುತ್ತಿದ್ದವರು ಕಾರಿಡಾರಿನಲ್ಲಿ ಮುಖ ತಿರುಗಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು; ಅವರು ಪಟ್ಟು ಬಿಡದೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಫಲಕ ಹಿಂದಕ್ಕೆ ಸರಿಯಿತು. ಅಲ್ಲಿ ಹಿಂದಿನಿಂದ ಗುದ್ದುವುದು ಕಡಿಮೆಯಾಯಿತೆಂದು ನಾನು ಕುಣಿಯುತ್ತ ಹೋದರೆ, ಇನ್ನೊಂದು ವರ್ಷ ಕಾಯೋಣ, ಫಲಕವಿಲ್ಲದ ಬೇರೆ ತಿರುವುಗಳೊಂದಿಗೆ ಹೋಲಿಸೋಣ ಎಂದರು. ಹೋಲಿಸಿದಾಗಲೂ ಲಾಭ ಉಳಿಯಿತು. ಆಗಲೇ ಸಹಿ ಬಿದ್ದದ್ದು. ಇಂದು ನಮ್ಮ ಹೆದ್ದಾರಿಯ ಒಂದು ಫಲಕವೂ ತಿರುವಿನ ಮರೆಯಲ್ಲಿಲ್ಲ.

ಈ ಲೇಖನಕ್ಕೆಂದು, ನಿಮ್ಮ ಸೇವೆಯಿಂದ ಎಷ್ಟು ಜೀವ ಉಳಿದಿರಬಹುದೆಂದು ಮೊನ್ನೆ ಅವರನ್ನೇ ಕೇಳಿದೆ. ನಕ್ಕುಬಿಟ್ಟರು. "ಹೇಗೆ ಹೇಳಲಿ? ನಾನಿಲ್ಲದ ಇಂಥದೇ ಇನ್ನೊಂದು ಆಫೀಸು ಇದ್ದಿದ್ರೆ ಹೋಲಿಸಿ ನೋಡಬಹುದಿತ್ತು."

ಮೇಡಂ, ಬರುವ ತಿಂಗಳಿಂದ ಅಂಥದೊಂದು ಕಚೇರಿ ಇರುತ್ತದೆ. ಅಲ್ಲಿ ನಾವಿರುತ್ತೇವೆ. ನೀವು ಆರೋಗ್ಯದಿಂದ ನೂರ್ಕಾಲ ಬಾಳಿ, ನಮ್ಮ ವರದಿಗಳನ್ನು ಮನೆಗೆ ತರಿಸಿಕೊಂಡು ನಿರ್ದಾಕ್ಷಿಣ್ಯವಾಗಿ ತಿದ್ದಿ. ನೀವಿದ್ದ ವರ್ಷಗಳಿಗೂ ನೀವಿಲ್ಲದ ವರ್ಷಗಳಿಗೂ ರಸ್ತೆಯ ಮೇಲೆ ವ್ಯತ್ಯಾಸವೇ ಕಾಣದಂತೆ ದುಡಿಯುವುದು ನಮ್ಮ ಹಠ.