ಉಗ್ರಪ್ಪನ ಸುಟ್ಟ ಕಾರು

ಶ್ರೀರಾಂಪುರದಿಂದ ಹೊರಡುವ ಮೊದಲ ಬಸ್ಸಿನ ಡ್ರೈವರು ಇನ್ನೂ ಮುಖ ತೊಳೆಯುತ್ತಿದ್ದಾನೆ. ಹಟ್ಟಿಯ ಕಡೆಯಿಂದ ಕುರಿಮರಿಗಳ ಕೂಗು ಕೇಳಿಬರುತ್ತಿದೆ. ಹಿಂದಿನ ಓಣಿಯ ಕೊನೇ ಮನೆಯ ಅಂಗಳದಲ್ಲಿ, ಹುಣಸೆ ಮರದ ಬುಡದಲ್ಲಿ, ಒಂದು ಹಳೇ ಲ್ಯಾಂಡ್‌ಮಾಸ್ಟರ್ ಕಾರು ಬಾನೆಟ್ ತೆರೆದುಕೊಂಡು ನಿಂತಿದೆ. ಅದರೊಳಗೆ ಸೊಂಟದ ತನಕ ಬಗ್ಗಿದ ಒಬ್ಬ ಮನುಷ್ಯನ ಬೆನ್ನು ಮಾತ್ರ ಕಾಣುತ್ತದೆ. ಮಾತಾಡಿಸಿದರೆ ಮುಖ ಎತ್ತುವುದಿಲ್ಲ. "ಬರ್ರಿ, ಅಲ್ಲೇ ಕಲ್ಲಿನ ಮೇಲೆ ಕುಂತ್ಕಳ್ರಿ. ಈ ವೈರು ಬಿಟ್ರೆ ಮತ್ತೆ ಕೈಗೆ ಸಿಗಲ್ಲ" ಎನ್ನುತ್ತಾನೆ.

ಅವನೇ ಉಗ್ರಪ್ಪ. ಐವತ್ತರ ಹತ್ತಿರದ ವಯಸ್ಸು. ಬಲಗೈಯ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿದೆ. ಹೊತ್ತೇರಿದ ಮೇಲೆ ತೋಟ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವುದು ಅವನ ಹೊಟ್ಟೆಪಾಡು. ಬೆಳಗಿನ ಹೊತ್ತು ಮಾತ್ರ ಈ ಕಾರಿಗೆ. ಕಳೆದ ದೀಪಾವಳಿ ಆದಮೇಲೆ ಹಿಡಿದ ಕೆಲಸ, ಯುಗಾದಿ ಕಳೆದು ಈಗ ಮುಗಿಯುವ ಹಂತಕ್ಕೆ ಬಂದಿದೆ.

ಸುತ್ತಿನ ಹಳ್ಳಿಗಳಲ್ಲಿ ಉಗ್ರಪ್ಪನ ಹೆಸರು ಗೊತ್ತಿಲ್ಲದವರೂ ಅವನ ಕಾರನ್ನು ಬಲ್ಲರು. ಬಾಡಿಗೆ ಕಾರು ಎನ್ನುವುದಕ್ಕಿಂತ ಅದನ್ನು ಆಸ್ಪತ್ರೆ ಕಾರು ಎಂದು ಕರೆದವರೇ ಹೆಚ್ಚು. ಹೆರಿಗೆಯವರು, ಹಾವು ಕಚ್ಚಿದವರು, ಮರದಿಂದ ಬಿದ್ದವರು, ಎಲ್ಲರನ್ನೂ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊಸದುರ್ಗಕ್ಕೋ, ಕೈಮೀರಿದ್ದಾದರೆ ಚಿತ್ರದುರ್ಗಕ್ಕೋ ಓಡಿದ ಗಾಡಿ ಅದು. ಎಷ್ಟು ಮಂದಿ ಅಂತ ಕೇಳಿದರೆ ಅವನಲ್ಲಿ ಲೆಕ್ಕವಿಲ್ಲ. "ವಾಪಸ್ ಬರೋವಾಗ ಕೂಸು ಎತ್ಕೊಂಡು ಕುಂತಿರ್ತಿದ್ರಲ್ಲ, ಅವ್ರ ಮಕ ನೆಪ್ಪೈತೆ. ಹೆಸ್ರು ಯಾರು ಕೇಳ್ತಾರೆ?" ಎನ್ನುತ್ತಾನೆ.

ಉಗ್ರಪ್ಪನಿಗೆ ಸ್ಟೇರಿಂಗ್ ಹಿಡಿಸಿದವನು ಅವನ ಅಣ್ಣ ದೊಡ್ಡತಿಮ್ಮಪ್ಪ. ಅಪ್ಪ ಅವ್ವ ಇಬ್ಬರೂ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸಾಕಿದವನೂ ಅವನೇ. ಮೀಸೆ ಮೂಡುವ ವಯಸ್ಸಿನಲ್ಲಿ ಉಗ್ರಪ್ಪ ಹೊಲದ ಕೆಲಸ ಬೇಡವೆಂದು ಚಿತ್ರದುರ್ಗಕ್ಕೆ ಓಡಿಹೋಗಿ ಲಾರಿಯೊಂದರಲ್ಲಿ ಕ್ಲೀನರ್ ಆಗಿ ಸೇರಿಕೊಂಡಿದ್ದ. ಅಣ್ಣ ಹುಡುಕಿಕೊಂಡು ಬಂದಾಗ ಏಟು ಬೀಳುತ್ತದೆ ಅಂತ ಲಾರಿಯಡಿ ತೂರಿಕೊಂಡನಂತೆ. ಅಣ್ಣ ಬಗ್ಗಿ ನೋಡಿ, "ಹೊರಗೆ ಬಾರಲೇ, ಹೊಡಿಯಲ್ಲ" ಎಂದು, ಲಾರಿ ಮಾಲೀಕನ ಕಡೆ ತಿರುಗಿ, "ಇವ್ನಿಗೆ ಬರೀ ಗಾಡಿ ತೊಳ್ಸಬ್ಯಾಡ್ರಿ, ಓಡ್ಸೋದು ಕಲಿಸ್ರಿ" ಎಂದಿದ್ದನಂತೆ.

ಮುಂದೆ ಚಿತ್ರದುರ್ಗದ ಕಂಟ್ರಾಕ್ಟರೊಬ್ಬ ಮಾರುವುದಕ್ಕಿಟ್ಟಿದ್ದ ಈ ಕಾರನ್ನು ಇಬ್ಬರೂ ಕೂಡಿ ಊರಿಗೆ ತಂದರು. ಅಣ್ಣನಿಗೆ ಕಾರೆಂದರೆ ಹೆಮ್ಮೆ, ಹಾಗೆಯೇ ಭಯ. ಮುಂದಿನ ಸೀಟಿನಲ್ಲಿ ಕುಳಿತಷ್ಟು ಹೊತ್ತೂ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಶೇಂಗಾ ಕಿತ್ತು ಮನೆಗೆ ತಂದ ದಿನಗಳು. ಒಂದು ಮಧ್ಯಾಹ್ನ ದೊಡ್ಡತಿಮ್ಮಪ್ಪ ಕಣದಲ್ಲೇ ಎದೆ ಹಿಡಿದುಕೊಂಡು ಕುಸಿದ. ಉಗ್ರಪ್ಪ ಅಣ್ಣನನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದ. ಅತ್ತಿಗೆ ಉಚ್ಚಂಗೆಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಾರು ಹೊಸದುರ್ಗದ ದಾರಿ ಹಿಡಿಯಿತು.

ಅರ್ಧ ದಾರಿ ಕಳೆದ ಮೇಲೆ ಸುಟ್ಟ ವಾಸನೆ ಬಂತು. ಬಾನೆಟ್ಟಿನ ಸಂದಿನಿಂದ ಹೊಗೆ ಎದ್ದಿತು. ಇಳಿದು ಮುಚ್ಚಳ ಎತ್ತಿದರೆ ವೈರುಗಳು ಹತ್ತಿಕೊಂಡು ಉರಿಯುತ್ತಿವೆ. ಉಗ್ರಪ್ಪ ಬರಿಗೈಯಲ್ಲಿ ವೈರು ಎಳೆದು ಕಿತ್ತ, ರಸ್ತೆಯ ಮಣ್ಣು ಬಾಚಿ ಬಾಚಿ ಎರಚಿದ. ಬೆಂಕಿ ಆರಿತು, ಆದರೆ ಕಾರು ಮತ್ತೆ ಹೊರಡಲಿಲ್ಲ. ಬಸ್ಸು ಬರುವುದಕ್ಕೆ ಸಂಜೆಯಾಗಬೇಕಿತ್ತು. ಉಗ್ರಪ್ಪ ಹೊಲಗಳ ಮೇಲೆ ಓಡಿ ಹತ್ತಿರದ ಹಳ್ಳಿ ಸೇರಿ, ಕರಿಯಣ್ಣ ಎಂಬ ರೈತನನ್ನು ಎತ್ತಿನ ಗಾಡಿ ಕಟ್ಟಿಸಿಕೊಂಡು ಕರೆತಂದ. ಅವರು ಬರುವಷ್ಟರಲ್ಲಿ ಉಚ್ಚಂಗೆಮ್ಮ ಗಂಡನ ಮುಖದ ಮೇಲೆ ಸೆರಗು ಮುಚ್ಚಿ ಕುಳಿತಿದ್ದಳು. ಆಸ್ಪತ್ರೆಗೆ ಅಂತ ಬಂದ ಎತ್ತಿನ ಗಾಡಿ ಊರ ಕಡೆಗೆ ತಿರುಗಿತು.

ಆವತ್ತಿನಿಂದ ಉಚ್ಚಂಗೆಮ್ಮ ಮೈದುನನ ಜತೆ ಮಾತು ಬಿಟ್ಟಳು. ಒಂದೇ ಸೂರು, ಒಂದೇ ಒಲೆ. ಅನ್ನ ಇಕ್ಕುವವಳು ಉಗ್ರಪ್ಪನ ಹೆಂಡತಿ ಚಂದ್ರಕ್ಕ, ಏನಾದರೂ ಹೇಳುವುದಿದ್ದರೆ ಅದೂ ಅವಳ ಮೂಲಕವೇ. "ನಾನು ಇಬ್ರ ಮಧ್ಯೆ ಟಪಾಲು ಆಗಿಹೋದೆ" ಎಂದು ಚಂದ್ರಕ್ಕ ಈಗ ನಗುತ್ತಾಳೆ. ಆಗ ಎಷ್ಟು ಅತ್ತಿದ್ದಳೋ. ಎತ್ತುಗಳನ್ನು ಹೂಡಿ ಎಳೆಸಿ ತಂದ ಕಾರು ಹುಣಸೆ ಮರದಡಿ ನಿಂತಿತು. ಉಗ್ರಪ್ಪ ಅದರ ಬಾಗಿಲು ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟು ಮರಿ ಮಾಡಿದವು. ಆಸ್ಪತ್ರೆಗೆ ಕರೆಯಲು ಬಂದವರು ಅಂಗಳದಿಂದಲೇ ವಾಪಸಾದರು. ಕೊನೆಗೆ ಬರುವುದನ್ನೇ ಬಿಟ್ಟರು.

ಹೋದ ಮಳೆಗಾಲದಲ್ಲಿ ಓಣಿಯ ಬರಗೇರಮ್ಮನ ಮಗಳಿಗೆ ಹೆರಿಗೆ ಕಷ್ಟವಾಯಿತು. ಗಾಡಿ ಕಟ್ಟಿಕೊಂಡು ಕೆಸರಿನಲ್ಲಿ ಹೊರಟರು. ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಬರಗೇರಮ್ಮ ಒಂದು ದಿನ ಈ ಮನೆಯ ಜಗಲಿಯ ಮೇಲೆ ಬಂದು ಕುಳಿತು, ಯಾರನ್ನೂ ಬೈಯದೆ, ಹುಣಸೆ ಮರದ ಕಡೆ ನೋಡುತ್ತ, "ಆ ಕಾರೊಂದು ಓಡ್ತಿದ್ರೆ…" ಎಂದು ಅಷ್ಟಕ್ಕೇ ಮಾತು ನಿಲ್ಲಿಸಿದಳು. ಒಳಗೆ ರಾಗಿ ಬೀಸುತ್ತಿದ್ದ ಉಚ್ಚಂಗೆಮ್ಮನ ಕೈ ನಿಂತಿತು.

ಸ್ವಲ್ಪ ದಿನಕ್ಕೆ ಉಗ್ರಪ್ಪನೇ ಹೇಳಿಕಳಿಸಿದ್ದ ಗುಜರಿಯವನು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ ಟೈರು ಒದ್ದು ನೋಡಿದ. ಆಗ ಉಚ್ಚಂಗೆಮ್ಮ ಅಂಗಳಕ್ಕೆ ಇಳಿದು ಬಂದಳು. ಎರಡು ವರ್ಷದ ಮೇಲೆ ಮೊದಲ ಸಲ ಮೈದುನನ ಮುಖ ನೋಡಿ ಮಾತಾಡಿದಳು.

"ಕೊಡಬ್ಯಾಡ."

ಉಗ್ರಪ್ಪ ಗುಜರಿಯವನನ್ನು ವಾಪಸ್ ಕಳಿಸಿದ. ಗುಜರಿಯವನು ಹೋದಮೇಲೆ ಆಕೆ ಅಲ್ಲೇ ನೆಲದ ಮೇಲೆ ಕುಳಿತು ಹೇಳಿದಳು: "ನೀನು ಗಾಡಿ ತರಾಕೆ ಓಡ್ದೆಲ್ಲ, ಆಗ ಅವ್ರಿಗೆ ಎಚ್ರ ಇತ್ತು. 'ಅವ್ನ ಕೈ ಸುಟ್ತೇನೋ ನೋಡೇ' ಅಂದ್ರು. ಅದೇ ಕಡೇ ಮಾತು. ನಿನಗೆ ಹೇಳಬಾರ್ದು ಅಂತ ನಾನು ಇಷ್ಟು ದಿನ ಹೊಟ್ಟೇಲಿ ಇಟ್ಕಂಡಿದ್ದೆ. ಸಿಟ್ಟು ಕಣಪ್ಪ."

ಉಗ್ರಪ್ಪ ಆ ದಿನ ಪಂಪ್‌ಸೆಟ್ ಕೆಲಸಕ್ಕೆ ಹೋಗಲಿಲ್ಲ. ಮಾರನೇ ಬೆಳಿಗ್ಗೆ, ಬೆಂಕಿ ಬಿದ್ದ ದಿನದಿಂದ ಮುಚ್ಚಿಯೇ ಇದ್ದ ಬಾನೆಟ್ಟನ್ನು ಎತ್ತಿದ.

ಎಂಜಿನ್ ಇಳಿಸದೆ ಬಾನೆಟ್ಟಿನ ಒಳಭಾಗ ಶುಚಿಯಾಗುವುದಿಲ್ಲ. ಗ್ಯಾರೇಜಿನ ಸರಪಳಿ ಇಲ್ಲಿಗೆ ಎಲ್ಲಿಂದ ಬರಬೇಕು? ಬಾವಿಯ ರಾಟೆಯನ್ನೇ ಬಿಚ್ಚಿ ತಂದು ಹುಣಸೆಯ ದಪ್ಪ ಕೊಂಬೆಗೆ ಕಟ್ಟಿದ. ಓಣಿಯ ಗಂಡಸರೆಲ್ಲ ಸೇರಿ ಹಗ್ಗ ಜಗ್ಗಿದರು. ಎಂಜಿನ್ ಮೇಲೆದ್ದು ಬಂದು ಗೋಣಿತಾಟಿನ ಮೇಲೆ ಕುಳಿತಿತು. ರಾಟೆಯಿಲ್ಲದ ಬಾವಿಯಲ್ಲಿ ಅಷ್ಟು ದಿನ ನೀರು ಸೇದಿದ ಹೆಂಗಸರ ಬೈಗುಳ ಕೇಳಿದವಳು ಚಂದ್ರಕ್ಕ.

ಎಂಜಿನ್ ತೆಗೆದಮೇಲೆ ಉಳಿದದ್ದು ಮಸಿ ಹಿಡಿದ ಬರೀ ಗುಂಡಿ. ಎಣ್ಣೆಯೂ ಮಣ್ಣೂ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಬ್ಯಾಟರಿ ಕೂರುವ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಉಗ್ರಪ್ಪ ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದ, ಸೀಮೆಎಣ್ಣೆ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದ. ಹಾಗೆ ಕೆರೆಯುವಾಗ ಬ್ಯಾಟರಿಯ ಹಿಂದಿನ ಮೂಲೆಯಲ್ಲಿ, ಬೆಂಕಿ ಮುಟ್ಟದ ಒಂದು ಸಂದಿನಲ್ಲಿ, ಏನೋ ಮೆತ್ತಗೆ ಕೈಗೆ ಸಿಕ್ಕಿತು. ಇಲಿಯ ಗೂಡು. ಅರಳೆ, ಗೋಣಿಯ ನಾರು, ಕಡಿದ ವೈರಿನ ಚೂರು, ಅದರ ನಡುವೆ ಶೇಂಗಾ ಸಿಪ್ಪೆ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಮನೆಯವರಿಗೆ ತೋರಿಸಿದನಂತೆ. ಬೆಂಕಿ ಹತ್ತಿದ್ದು ಇಲಿ ಕಡಿದ ವೈರಿನಿಂದ ಎಂದು ಗೊತ್ತಾದ ಮೇಲೆ ಮನಸ್ಸು ಹಗುರಾಯಿತೇ ಎಂದರೆ ತಲೆಯಾಡಿಸುತ್ತಾನೆ. "ಹೆಂಗಾಗುತ್ತೆ? ಹೊರಡೋಕೆ ಮುಂಚೆ ಮುಚ್ಚಳ ಎತ್ತಿ ನೋಡ್ಬೇಕಾದೋನು ನಾನೇ ತಾನೆ? ಅವತ್ತು ಆ ಗಾಬರೀಲಿ ನೋಡ್ಲಿಲ್ಲ."

ಆದರೆ ಗೂಡು ಕಂಡು ಕುಸಿದವಳು ಉಚ್ಚಂಗೆಮ್ಮ. ಆ ಸಲ ಮನೆಯೊಳಗೆ ಜಾಗ ಸಾಲದೆ ಆಗ ಕಾರು ನಿಲ್ಲಿಸುತ್ತಿದ್ದ ಚಪ್ಪರದಲ್ಲಿ ಶೇಂಗಾ ಚೀಲ ಪೇರಿಸಲು ಹೇಳಿದವಳು ಆಕೆಯೇ. ಗಂಡ ಬೇಡ ಎಂದಿದ್ದನಂತೆ. "ಎಲ್ಡು ದಿನದ ಮಾತು, ಇರ್ಲಿ ಬಿಡ್ರಿ ಅಂದೋಳು ನಾನು. ಎಲ್ಡು ವರ್ಷ ಇವ್ನ ಮ್ಯಾಲೆ ಹಲ್ಲು ಕಡ್ದೋಳೂ ನಾನೇ" ಎಂದು ಆಕೆ ಹೇಳುವಾಗ ದನಿಯಲ್ಲಿ ಅಳುವಿಲ್ಲ. ಅತ್ತು ಮುಗಿದ ದನಿ ಅದು. ಉಗ್ರಪ್ಪ ಆಗ ಅಂದದ್ದು ಇಷ್ಟೇ: "ಬಿಡ್ರಿ ಅತ್ತಿಗೆ. ಇಲಿಗೇನು ಗೊತ್ತಿತ್ತು, ನಮಗೇನು ಗೊತ್ತಿತ್ತು."

ಮರುದಿನ ಆಕೆ ಪೆಟ್ಟಿಗೆಯಿಂದ ಗಂಡನ ಪಂಚೆಗಳನ್ನು ತೆಗೆದು ತಂದು ಅಂಗಳದಲ್ಲಿ ಹರಿಯತೊಡಗಿದಳು. ಕಾರು ಒರೆಸುವುದಕ್ಕೆ ಬಟ್ಟೆ ಬೇಕಲ್ಲ ಎಂದಳು. ಉಗ್ರಪ್ಪ ಕೈ ಹಿಡಿದು ತಡೆದ. "ಬ್ಯಾಡ ಅತ್ತಿಗೆ, ಬ್ಯಾರೆ ಬಟ್ಟೆ ಅವೆ." ಆಕೆ ಕೇಳಲಿಲ್ಲ. "ಪೆಟ್ಟಿಗೇಲಿದ್ರೆ ನುಸಿ ತಿಂತಾವೆ" ಎಂದು ಚರ್ರನೆ ಹರಿದು, ತಾನೇ ಸೀಮೆಎಣ್ಣೆಯಲ್ಲಿ ಅದ್ದಿ, ನಟ್ಟು ಬೋಲ್ಟುಗಳನ್ನು ಒಂದೊಂದಾಗಿ ಒರೆಸಲು ಕುಳಿತಳು. ಅಂದಿನಿಂದ ಪ್ರತಿ ಬೆಳಿಗ್ಗೆ ಇಬ್ಬರೂ ಕೂಡಿಯೇ ಕೆಲಸ. ಮಾತು ಕಡಿಮೆ. ಕಾರ್ಬುರೇಟರು, ಡೈನಮೋ ಎಂಬ ಹೆಸರುಗಳೆಲ್ಲ ಆಕೆಯ ಬಾಯಲ್ಲಿ ಬೇರೆಯೇ ಆಗಿಬಿಟ್ಟಿವೆ, ಆದರೆ ಕೇಳಿದ್ದನ್ನು ತಪ್ಪದೆ ಎತ್ತಿ ಕೊಡುತ್ತಾಳೆ.

ವೈರಿನ ಕೆಲಸವೊಂದು ಉಗ್ರಪ್ಪನ ಕೈಗೆ ಬಗ್ಗಲಿಲ್ಲ. ಹಿರಿಯೂರು ಕಡೆಯ ಹರಿಯಬ್ಬೆಯಲ್ಲಿ ಕಾಟಲಿಂಗಪ್ಪ ಅಂತ ಒಬ್ಬರಿದ್ದಾರೆ, ಮಿಲಿಟರಿಯಲ್ಲಿ ಲಾರಿಗಳಿಗೆ ವೈರು ಎಳೆಯುತ್ತಿದ್ದವರು. ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋಗಿ ಕರೆತಂದ. ಅವರು ಬಂದು ಉಳಿದು, ಎಲ್ಲಿಂದ ಎಲ್ಲಿಗೆ ಎಂದು ತೋರಿಸಿಕೊಟ್ಟರು. ವೈರುಗಳ ಗುರುತು ಮರೆಯದಂತೆ ಚಂದ್ರಕ್ಕನ ಹೊಲಿಗೆ ಪೆಟ್ಟಿಗೆಯ ಬಣ್ಣದ ದಾರ ಕಟ್ಟಿಸಿದರು. ಹೊರಡುವಾಗ, "ಇನ್ನು ಗಾಡಿ ಹತ್ರ ಕಾಳು ಕಡಿ ಇಡಬ್ಯಾಡ್ರಪ್ಪ" ಎಂದುಬಿಟ್ಟರು. ಏನೂ ಅರಿಯದೆ ಅಂದ ಮಾತು. ಆ ದಿನ ಉಚ್ಚಂಗೆಮ್ಮ ಊಟಕ್ಕೆ ಏಳಲಿಲ್ಲ.

ಎಂಜಿನ್ ಮತ್ತೆ ತನ್ನ ಜಾಗಕ್ಕೆ ಇಳಿದಿದೆ, ಈಗ ಒಳಗೆಲ್ಲ ಹಸಿರು ಬಣ್ಣ ಹೊಳೆಯುತ್ತಿದೆ. ಪಂಪ್‌ಸೆಟ್ಟುಗಳಿಗೆ ಬಳಿದು ಮಿಕ್ಕ ಬಣ್ಣ ಅದು. ಕಾರಿನ ಹೊಟ್ಟೆಯಲ್ಲಿ ಭತ್ತದ ಗದ್ದೆ ಅಂತ ಓಣಿಯವರು ತಮಾಷೆ ಮಾಡುತ್ತಾರೆ. ಉಗ್ರಪ್ಪ ನಗುವುದಿಲ್ಲ. ಸುಟ್ಟ ಕೈಯ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲವಾದ್ದರಿಂದ ಚಿಕ್ಕ ಸ್ಕ್ರೂಗಳನ್ನು ಎಡಗೈಯಲ್ಲೇ ತಿರುಗಿಸಬೇಕು. ಕೊನೆಯ ವೈರು ಬಿಗಿದು, ಬ್ಯಾಟರಿ ಕೂರಿಸಿ, ಸೆಟೆದ ಬೆನ್ನು ನೆಟ್ಟಗೆ ಮಾಡಿಕೊಂಡು ಅವನು ಡ್ರೈವರ್ ಸೀಟಿನ ಬಾಗಿಲು ತೆಗೆಯುತ್ತಾನೆ. ಚಂದ್ರಕ್ಕ ಒಲೆ ಬಿಟ್ಟು ಹೊರಗೆ ಬಂದಿದ್ದಾಳೆ. ಮೊದಲ ಸಲ ಎಂಜಿನ್ ಬರೀ ಕೆಮ್ಮುತ್ತದೆ. ಮತ್ತೆ ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ಒಮ್ಮೆಲೇ ಗುಡುಗಿ ಹತ್ತಿಕೊಂಡಾಗ ಹುಣಸೆ ಮರದ ಕಾಗೆಗಳೆಲ್ಲ ಎದ್ದು ಹಾರುತ್ತವೆ. ಉಗ್ರಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟು ಹಾಗೇ ಕುಳಿತಿದ್ದಾನೆ.

"ಒಂದು ಸಲ ಹೊಸದುರ್ಗಕ್ಕೆ ಹೋಗಿ ಬರಾಣ. ದೂರ ಓಡ್ಸಿ ನೋಡ್ದಲೆ ಯಾರ್ನೂ ಕೂರ್ಸಲ್ಲ ನಾನು" ಎನ್ನುತ್ತಾನೆ. ಬಳಿಕ, ಕೇಳಲೋ ಬೇಡವೋ ಎಂಬಂತೆ, "ಬರ್ತೀರಾ ಅತ್ತಿಗೆ?"

ಉಚ್ಚಂಗೆಮ್ಮ ಹಿಂದಿನ ಸೀಟಿನ ಕಡೆ ನೋಡುತ್ತಾಳೆ. ಕಣ್ಣು ತೆಗೆದು ಮುಂದಿನ ಬಾಗಿಲಿನಿಂದ ಹತ್ತಿ ಕೂರುತ್ತಾಳೆ.

ಬಿಸಿಲು ಏರುತ್ತಿದೆ. ರಸ್ತೆಯ ಎರಡೂ ಕಡೆ ಒಣಗಿದ ಹೊಲಗಳು. ಕಾರು ನಿಂತುಹೋಗಿದ್ದ ಜಾಗ ಬಂದಾಗ ಉಗ್ರಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. "ನಿಲ್ಲಿಸ್ಬ್ಯಾಡ" ಎನ್ನುತ್ತಾಳೆ ಆಕೆ, ಎದುರಿನ ರಸ್ತೆಯನ್ನೇ ನೋಡುತ್ತ. ಅವನು ನಿಲ್ಲಿಸುವುದಿಲ್ಲ. ಒಂದು ಏರು, ಒಂದು ಇಳಿಜಾರು, ಆಮೇಲೆ ಊರಿನ ಮೊದಲ ಅಂಗಡಿಗಳು, ಕೊನೆಗೆ ಆಸ್ಪತ್ರೆಯ ಗೇಟು.

ಎಂಜಿನ್ ಆರಿಸದೆ ಗೇಟಿನ ಮುಂದೆ ನಿಲ್ಲಿಸುತ್ತಾನೆ. ಉಚ್ಚಂಗೆಮ್ಮ ಇಳಿಯುವುದಿಲ್ಲ. ಒಳಗೆ ಹೋಗುವವರನ್ನು, ಹೊರಗೆ ಬರುವವರನ್ನು ನೋಡುತ್ತ ಕೂರುತ್ತಾಳೆ.

"ಆವತ್ತು ನಿಂತಲ್ಲಿಂದ ಇಷ್ಟೇ ದೂರಾನಾ?" ಎಂದು ಕೇಳುತ್ತಾಳೆ.

"ಇಷ್ಟೇ ಅತ್ತಿಗೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಮೈದುನನ ಕಡೆ ತಿರುಗಿ ಹೇಳುತ್ತಾಳೆ: "ತಿರುಗ್ಸಪ್ಪ, ಹೋಗಾಣ. ಊರಾಗೆ ಯಾರಿಗಾದ್ರೂ ಬೇಕಾದೀತು."